ಸಂಜೆ ಏಳಕ್ಕೆ ಎಲ್ಲಿ ಕೂರುವುದು? ಕುಡಿತ ಬಿಡುವವರ ಸಭೆ ಹುಡುಕಿ ಹೋಗುವ ದಾರಿ

ನಾನು ನಾಲ್ಕು ಸಲ ಅಯ್ಯಪ್ಪನ ಮಾಲೆ ಹಾಕಿದವನು, ಮೂರು ಸಲ ಪೂರೈಸಿದವನು. ಆ ಮೂರು ಸಲವೂ 41 ದಿನ ಒಂದು ತೊಟ್ಟೂ ಮುಟ್ಟಲಿಲ್ಲ. ಮೂರು ಸಲವೂ ಶಬರಿಮಲೆಯಿಂದ ಬಂದು ಮಾಲೆ ತೆಗೆದ ವಾರದೊಳಗೆ ಅದೇ ಬಾರಿನ ಅದೇ ಟೇಬಲ್ಲಿಗೆ ಹೋಗಿ ಕೂತೆ. "ದೇವರಿಗಾದರೂ ಹೆದರ್ತಾನಲ್ಲ" ಎಂದು ಅಮ್ಮ ಸಮಾಧಾನ ಪಟ್ಟುಕೊಳ್ಳುತ್ತಿದ್ದಳು. ಬರೀ ಹೆದರಿಕೆಯಾಗಿದ್ದರೆ ಮಾಲೆ ತೆಗೆದ ಮೇಲೂ ಸ್ವಲ್ಪ ಉಳಿಯಬೇಕಿತ್ತು. ಈಗ ಯೋಚಿಸಿದರೆ ಕಾಣುವುದು ಬೇರೆಯೇ. ಸಂಜೆ ಆರೂವರೆಗೆ ಸ್ನಾನ, ಏಳಕ್ಕೆ ಗುರುಸ್ವಾಮಿ ಮನೆಯಲ್ಲಿ ಭಜನೆ, ಪಕ್ಕದಲ್ಲಿ ಅದೇ ವ್ರತ ಹಿಡಿದ ಹತ್ತು ಮಂದಿ, ಒಬ್ಬ ತಡ ಮಾಡಿದರೆ "ಎಲ್ಲಿ ಆ ಸ್ವಾಮಿ?" ಎಂದು ಕೇಳುವವರು. ಮಾಲೆ ತೆಗೆದ ಮಾರನೇ ದಿನವೂ ಏಳು ಗಂಟೆ ಆಗುತ್ತಿತ್ತು. ಕೂರುವುದಕ್ಕೆ ಜಾಗ ಮಾತ್ರ ಇರುತ್ತಿರಲಿಲ್ಲ.

ಕುಡಿತ ಬಿಡುವವರ ಸಭೆ ಅಂದರೆ ನನ್ನ ಮಟ್ಟಿಗೆ ಅಂಥ ಒಂದು ಜಾಗ. ಅದನ್ನು ಹುಡುಕುವುದು, ಬಾಗಿಲು ದಾಟುವುದು, ಮತ್ತೆ ಹೋಗುವುದು ಹೇಗೆಂದು ಹೊಸಬರು ಫೋನಿನಲ್ಲಿ ಕೇಳುವ ಪ್ರಶ್ನೆಗಳ ಲೆಕ್ಕದಲ್ಲೇ ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ. ಈ ಸಭೆಗಳಿಗೆ ಹೋಗುವ ನಾವು ಸಾರ್ವಜನಿಕವಾಗಿ ಹೆಸರು ಹಾಕಿಕೊಳ್ಳುವ ಪದ್ಧತಿ ಇಲ್ಲ.

ಸಭೆಗಿಂತ ಮೊದಲು ಡಾಕ್ಟರು

ನಾಲ್ಕನೇ ಸಲ ಮಾಲೆ ಹಾಕುವ ಹೊತ್ತಿಗೆ ನನ್ನ ಕುಡಿತ ಬೆಳಗಿನ ಜಾವಕ್ಕೆ ಬಂದಿತ್ತು. ಕೈ ನಡುಕ ನಿಲ್ಲಬೇಕಾದರೆ ಹಲ್ಲುಜ್ಜುವ ಮೊದಲೇ ಒಂದು ನೈಂಟಿ ಬೇಕು. ಮಾಲೆ ಹಾಕಿ ಒಮ್ಮೆಗೇ ನಿಲ್ಲಿಸಿದೆ. ಎರಡನೇ ದಿನ ಭಜನೆ ನಡೆಯುತ್ತಿದ್ದಾಗಲೇ ಫಿಟ್ಸ್ ಬಂದು ಬಿದ್ದೆ. ಮಡಿ ಎಲ್ಲೋ ತಪ್ಪಿದೆ ಎಂದರು ಕೆಲವರು. ಅಲ್ಲಿದ್ದ ನರ್ಸ್ ಅಕ್ಕ ಒಬ್ಬರು ಮಾತ್ರ "ಎಷ್ಟು ದಿನದಿಂದ ಕುಡೀತಿದ್ರಿ, ಯಾವಾಗ ಬಿಟ್ರಿ?" ಎಂದು ಕೇಳಿ ಆಸ್ಪತ್ರೆಗೆ ಕಳಿಸಿದರು.

ದಿನವೂ ಹೆಚ್ಚು ಕುಡಿಯುವವರು ತಟ್ಟನೆ ನಿಲ್ಲಿಸಿದರೆ ಮೊದಲ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಂತಿ, ನಿದ್ದೆ ಇಲ್ಲದಿರುವುದು ಶುರುವಾಗುತ್ತದೆ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ದಿನಗಳಲ್ಲಿ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಬುದ್ಧಿ ಮಂಕಾಗಿ, ಗೋಡೆ ಮೇಲೆ ಹುಳ ಹರಿದಂತೆ, ಇಲ್ಲದವರು ಬಂದು ಮಾತಾಡಿದಂತೆ ಕಾಣುತ್ತದೆ. ಮನೆಯವರು ಇದನ್ನು ಗಾಳಿ ಸೋಕಿದ್ದು ಅಂದುಕೊಂಡು ಯಂತ್ರ ಕಟ್ಟಿಸಲು ಓಡುತ್ತಾರೆ. ಅದು ಗಾಳಿಯಲ್ಲ, ಜೀವಕ್ಕೆ ಅಪಾಯವಿರುವ ಸ್ಥಿತಿ. ಆ ರಾತ್ರಿಯೇ ಆಸ್ಪತ್ರೆಗೆ ಸೇರಿಸಬೇಕು.

ಆದ್ದರಿಂದ ಬೆಳಗ್ಗೆ ಕುಡಿಯದಿದ್ದರೆ ಕೈ ನಡುಗುವವರು, ಹಿಂದೆ ಫಿಟ್ಸ್ ಬಂದವರು ಮೊದಲು ಡಾಕ್ಟರನ್ನು ನೋಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ದಾರಿ ತೋರಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಎಷ್ಟು ಕುಡಿಯುತ್ತಿದ್ದಿರಿ ಎಂಬುದನ್ನು ಅರ್ಧಕ್ಕೆ ಇಳಿಸಿ ಹೇಳಬೇಡಿ, ಔಷಧದ ಪ್ರಮಾಣ ಅದನ್ನು ನೋಡಿಯೇ ನಿರ್ಧಾರವಾಗುತ್ತದೆ. ಬಡಾವಣೆಯ ಕ್ಲಿನಿಕ್ಕಿನಲ್ಲಿ ಒಂದು ಗ್ಲೂಕೋಸ್ ಬಾಟಲಿ ಏರಿಸಿಕೊಂಡು ಬಂದರೆ ಸಾಕು ಎಂಬ ನಂಬಿಕೆ ನಮ್ಮಲ್ಲಿದೆ. ಕುಡಿಯುವವರ ಮೈಯಲ್ಲಿ ಬಿ1 ವಿಟಮಿನ್ ಬತ್ತಿರುತ್ತದೆ, ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗಬಹುದು. ಡ್ರಿಪ್ ಹಾಕುವವರಿಗೆ "ನಾನು ಕುಡಿಯುವವನು" ಎಂದು ಹೇಳಿಯೇ ಕೈ ಚಾಚಿ.

ಯಾವ ಯಾವ ಸಭೆಗಳಿವೆ

ಹೆಚ್ಚು ಕಡೆ ಸಿಗುವುದು ಆಲ್ಕೋಹಾಲಿಕ್ಸ್ ಅನಾನಿಮಸ್, ನಮ್ಮ ಬಾಯಲ್ಲಿ ಎಎ. ಇದರ ಹುಟ್ಟಿನ ಕತೆಯೂ ಒಂದು ಸಂಜೆಯದೇ. 1935ರ ಮೇ ತಿಂಗಳು, ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ಊರು. ಕುಡಿತ ಬಿಟ್ಟು ಕೆಲವು ತಿಂಗಳಾಗಿದ್ದ ನ್ಯೂಯಾರ್ಕಿನ ಶೇರು ದಲ್ಲಾಳಿ ಬಿಲ್, ವ್ಯವಹಾರ ಕೆಟ್ಟು ಹೋಟೆಲ್ಲಿನ ಮೊಗಸಾಲೆಯಲ್ಲಿ ಒಬ್ಬನೇ ನಿಂತಿದ್ದ. ಒಂದು ಕಡೆಯಿಂದ ಬಾರಿನ ಗಲಾಟೆ ಕೇಳುತ್ತಿತ್ತು, ಇನ್ನೊಂದು ಕಡೆ ಟೆಲಿಫೋನ್ ಇತ್ತು. ಅವನು ಟೆಲಿಫೋನಿನ ಕಡೆ ಹೋಗಿ, ಚರ್ಚುಗಳ ಪಟ್ಟಿ ನೋಡಿ ಕರೆ ಮಾಡುತ್ತಾ, ಮಾತಾಡಲು ಇನ್ನೊಬ್ಬ ಕುಡುಕ ಸಿಗುತ್ತಾನಾ ಎಂದು ವಿಚಾರಿಸಿದ. ಸಿಕ್ಕವರು ಡಾಕ್ಟರ್ ಬಾಬ್ ಎಂಬ ಶಸ್ತ್ರವೈದ್ಯ. ಹದಿನೈದು ನಿಮಿಷಕ್ಕೆಂದು ಕೂತವರು ಗಂಟೆಗಟ್ಟಲೆ ಮಾತಾಡಿದರು. ಬಾಬ್ ಕೊನೆಯ ಸಲ ಕುಡಿದ 1935ರ ಜೂನ್ 10ನ್ನೇ ಎಎ ಹುಟ್ಟಿದ ದಿನವೆಂದು ಎಣಿಸುತ್ತಾರೆ. ಭಾರತಕ್ಕೆ ಇದು ಬಂದದ್ದು 1957ರಲ್ಲಿ, ಮುಂಬಯಿಯ ಮೂಲಕ. ಸದಸ್ಯನಾಗಲು ಬೇಕಾದ್ದು ಕುಡಿತ ಬಿಡುವ ಆಸೆ, ಅಷ್ಟೇ. ಶುಲ್ಕವಿಲ್ಲ, ಅರ್ಜಿಯಿಲ್ಲ, ಆಧಾರ್ ಕಾರ್ಡ್ ಕೇಳುವುದಿಲ್ಲ.

ಕರಾವಳಿ, ಮಲೆನಾಡು ಮತ್ತು ಹಳ್ಳಿಗಳ ಕಡೆ ಇನ್ನೊಂದು ದಾರಿ ಜನಕ್ಕೆ ಚೆನ್ನಾಗಿ ಗೊತ್ತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆಯವರು ಊರೂರಲ್ಲಿ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರ. ಶಿಬಿರದ ಸಮಾರೋಪದ ಫೋಟೋ ಎಲ್ಲರ ಮನೆಯಲ್ಲೂ ಇರುತ್ತದೆ. ಆಮೇಲೆ ಶಿಬಿರ ಮುಗಿಸಿದವರು ಸೇರುವ ನವಜೀವನ ಸಮಿತಿಯ ಸಭೆಗೆ ಹೋಗುವವರು ಕಡಿಮೆ. ನನ್ನನ್ನು ಕೇಳಿದರೆ ಶಿಬಿರದ ಎಂಟು ದಿನಕ್ಕಿಂತ ಒಂಬತ್ತನೇ ದಿನದ ಸಂಜೆ ದೊಡ್ಡದು, ಸಮಿತಿ ಇರುವುದು ಅದಕ್ಕೆ. ಶಿಬಿರ ಮುಗಿಸಿ ಸಮಿತಿಗೆ ಹೋಗದೆ ಕೈಬಿಟ್ಟವರು ಈಗಲೂ ಹೋಗಬಹುದು. ಯೋಜನೆಯ ಸೇವಾಪ್ರತಿನಿಧಿಯನ್ನೋ ಮೇಲ್ವಿಚಾರಕರನ್ನೋ ಕೇಳಿದರೆ ಸಭೆ ಎಲ್ಲಿ, ಯಾವಾಗ ಎಂದು ತಿಳಿಯುತ್ತದೆ.

ಇವಲ್ಲದೆ ಕೆಲವು ಆಸ್ಪತ್ರೆಗಳ ಮನೋವೈದ್ಯ ವಿಭಾಗದಲ್ಲೇ ಚಿಕಿತ್ಸೆ ಪಡೆದವರ ಗುಂಪುಗಳು ಸೇರುತ್ತವೆ. ಮನೆಯವರಿಗಾಗಿ 1951ರಲ್ಲಿ ಶುರುವಾದ ಅಲ್-ಅನಾನ್ ಇದೆ. ದೇವರ ಮಾತೇ ಬೇಡ ಎನ್ನುವವರಿಗೆ 1994ರಿಂದ ನಡೆಯುತ್ತಿರುವ ಸ್ಮಾರ್ಟ್ ರಿಕವರಿ ಎಂಬ ಗುಂಪಿದೆ, ಇಂಗ್ಲಿಷ್ ಬಂದರೆ ಆನ್‌ಲೈನ್‌ನಲ್ಲಿ ಸೇರಬಹುದು.

ವಿಳಾಸ ಹುಡುಕುವುದು

ಎರಡು ನಂಬರು ಬರೆದುಕೊಳ್ಳಿ. 14416, ಇದು ಟೆಲಿ-ಮಾನಸ್, 2022ರಿಂದ ನಡೆಯುತ್ತಿರುವ ಸರ್ಕಾರದ ಉಚಿತ ಸಹಾಯವಾಣಿ. ಕನ್ನಡದಲ್ಲಿ ಮಾತಾಡಬಹುದು, ನಡುರಾತ್ರಿಯಲ್ಲೂ ಎತ್ತುತ್ತಾರೆ. 14446, ಇದು ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಇಲ್ಲಿ ಹತ್ತಿರದ ಚಿಕಿತ್ಸಾ ಕೇಂದ್ರ ಕೇಳಿ, ಜೊತೆಗೆ "ಎಎ ಮೀಟಿಂಗ್ ಎಲ್ಲಿ ನಡೆಯುತ್ತೆ?" ಎಂದೂ ಕೇಳಿ. ಎಎಯವರದೇ ಸಹಾಯವಾಣಿಗಳು ದೊಡ್ಡ ಊರುಗಳಲ್ಲಿವೆ. ದೇಶದ ಕಚೇರಿ ಮುಂಬಯಿಯಲ್ಲಿದೆ, ಅವರ ವೆಬ್‌ಸೈಟಿನಲ್ಲಿ ಊರುವಾರು ಸಭೆಗಳ ವಿವರ ಸಿಗುತ್ತದೆ.

ಗೂಗಲ್‌ನಲ್ಲಿ ಹುಡುಕುವಾಗ ಮಾತ್ರ ಹುಷಾರು. ಮೊದಲಿಗೆ ಬರುವವು ಹಣ ಕೊಟ್ಟು ಹಾಕಿಸಿದ ಖಾಸಗಿ ಡಿ-ಅಡಿಕ್ಷನ್ ಸೆಂಟರುಗಳ ಜಾಹೀರಾತು. ಫೋನ್ ಎತ್ತಿದವರು "ಪೇಷೆಂಟ್ ಎಲ್ಲಿದ್ದಾರೆ? ಗಾಡಿ ಕಳಿಸ್ತೀವಿ, ತಿಂಗಳಿಗೆ ಇಷ್ಟು" ಅಂದರೆ ಅದು ಸಭೆಯಲ್ಲ. ಸೆಂಟರುಗಳೆಲ್ಲ ಕೆಟ್ಟವು ಎಂದಲ್ಲ, ಸೇರಲೇಬೇಕಾದ ಸ್ಥಿತಿಯೂ ಇರುತ್ತದೆ. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅಂಥ ಕೇಂದ್ರಗಳಿಗೆ ನೋಂದಣಿ ಬೇಕು. ನೋಂದಣಿ ಪತ್ರ ಕೇಳಿದ ಕೂಡಲೇ ದನಿ ಏರಿಸುವವರ ಹತ್ತಿರ ನಿಮ್ಮ ಅಣ್ಣನನ್ನೋ ಮಗನನ್ನೋ ಬಿಟ್ಟು ಬರಬೇಡಿ.

ಎಎ ಸಭೆಗೆ ಕರೆ ಮಾಡಿದರೆ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

"ನಮಸ್ಕಾರ ಸರ್, ಮೀಟಿಂಗ್ ಬಗ್ಗೆ ಕೇಳೋಣ ಅಂತ ಮಾಡಿದೆ."

"ಕೇಳಿ. ನಿಮಗೋ, ಮನೇಲಿ ಯಾರಿಗಾದ್ರೂನೋ?"

"ಫ್ರೆಂಡ್ ಒಬ್ಬರಿಗೆ..."

"ಸರಿ. ನಿಮ್ಮ ಫ್ರೆಂಡ್ ಯಾವ ಏರಿಯಾದಲ್ಲಿರೋದು?"

ಆ 'ಫ್ರೆಂಡ್' ಯಾರೆಂದು ಎತ್ತಿದವರಿಗೆ ಗೊತ್ತಿರುತ್ತದೆ, ನಾವೆಲ್ಲ ಹಾಗೇ ಕೇಳಿದವರು. ಕೆದಕುವುದಿಲ್ಲ. ನೀವು ಕೇಳಿಕೊಳ್ಳಬೇಕಾದ್ದು: ವಾರದ ಯಾವ ದಿನ, ಎಷ್ಟು ಗಂಟೆ, ಈ ವಾರವೂ ನಡೆಯುತ್ತದಾ, ಮಾತು ಕನ್ನಡದಲ್ಲಾ? ಬೆಂಗಳೂರಿನಲ್ಲಿ ಕನ್ನಡದ್ದೂ ಇವೆ, ತಮಿಳು, ಇಂಗ್ಲಿಷಿನವೂ ಇವೆ. ನೋವಿನ ಮಾತು ಅರ್ಥವಾಗದ ಭಾಷೆಯಲ್ಲಿ ನಡೆದರೆ ಒಂದೇ ದಿನಕ್ಕೆ ಬೇಸರ ಬರುತ್ತದೆ. ಯಾವ ಗೇಟು ಎಂಬುದನ್ನು ತಪ್ಪದೆ ಕೇಳಿ. ಶಾಲೆಯ ಹಿಂದಿನ ಗೇಟು, ಚರ್ಚಿನ ಪಕ್ಕದ ಹಾಲ್, ಮೇಲಿನ ಮಹಡಿ, ಹೀಗೇ ಇರುತ್ತವೆ ಈ ಜಾಗಗಳು. ಬೋರ್ಡು ಇದ್ದರೂ ಅಂಗೈ ಅಗಲದ್ದು, ವೃತ್ತದೊಳಗೊಂದು ತ್ರಿಕೋನ. ನಾನು ಮೊದಲ ಸಲ ಗೇಟಿನ ಮುಂದೆ ಎರಡು ರೌಂಡ್ ಹೊಡೆದು, ವಾಚ್‌ಮನ್ "ಮೀಟಿಂಗಾ ಸಾರ್? ಒಳಗ್ ಹೋಗಿ" ಎಂದು ಜೋರಾಗಿ ಕೂಗಿದ ನಾಚಿಕೆಗೇ ಒಳಗೆ ಹೋದೆ.

ಇನ್ನೊಂದು ಪ್ರಶ್ನೆ, ಓಪನ್ ಮೀಟಿಂಗಾ ಕ್ಲೋಸ್ಡಾ? ಓಪನ್ ಅಂದರೆ ಹೆಂಡತಿ, ಅಣ್ಣ, ಗೆಳೆಯರೂ ಬಂದು ಕೂರಬಹುದು. ಕ್ಲೋಸ್ಡ್ ಅಂದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಒಬ್ಬರೇ ಹೋಗಲು ಧೈರ್ಯವಿಲ್ಲದಿದ್ದರೆ ಓಪನ್ ಮೀಟಿಂಗಿನಿಂದ ಶುರು ಮಾಡಿ.

ಹೊತ್ತು ನೋಡಿ ಆರಿಸಿ, ಹೆಸರು ನೋಡಿ ಅಲ್ಲ

"ಯಾವ ಗ್ರೂಪ್ ಚೆನ್ನಾಗಿದೆ?" ಇದು ಹೊಸಬರು ಹೆಚ್ಚು ಕೇಳುವ ಪ್ರಶ್ನೆ. ನೀವು ದಿನಾ ಯಾವ ಹೊತ್ತಿಗೆ ಮೊದಲ ಗ್ಲಾಸ್ ಎತ್ತುತ್ತಿದ್ದಿರೋ ಆ ಹೊತ್ತಿಗೆ ಯಾವ ಗ್ರೂಪ್ ಕೂರುತ್ತದೋ ಅದು ಚೆನ್ನಾಗಿದೆ. ಆಫೀಸು ಬಿಟ್ಟು ಆರೂವರೆಗೆ ವೈನ್ ಶಾಪಿನ ಮುಂದೆ ಸ್ಕೂಟರ್ ತಾನಾಗಿ ನಿಲ್ಲುತ್ತಿದ್ದರೆ ಆರೂವರೆಯ ಸಭೆ ನೋಡಿ. ಭಾನುವಾರ ಮಧ್ಯಾಹ್ನ ಬಾಡೂಟದ ಜೊತೆ ಶುರುವಾಗಿ ಸೋಮವಾರ ರಜೆ ಹಾಕುವವರಾದರೆ ಭಾನುವಾರದ ಸಭೆ. ಬೆಳಗ್ಗೆ ಹತ್ತರ ಸಭೆ ಎಷ್ಟೇ ಹೃದಯ ಕಲಕುವಂತಿದ್ದರೂ ಸಂಜೆಯ ಹೊತ್ತಿಗೆ ಅದರ ಬಿಸಿ ಆರಿರುತ್ತದೆ.

ಹಾಗೆಯೇ ಸಭೆಗೆ ಹೋಗುವ ದಾರಿ. ನಿಮ್ಮ ಹಳೆಯ ಬಾರಿನ ಮುಂದಿನಿಂದಲೇ ಬಸ್ ಹೋಗುತ್ತದಾದರೆ ಇನ್ನೊಂದು ಬಸ್ ಹಿಡಿಯಿರಿ, ಇಪ್ಪತ್ತು ನಿಮಿಷ ಹೆಚ್ಚಾದರೂ ಸರಿ. ಮನೆ ಪಕ್ಕದ ಗ್ರೂಪಿನಲ್ಲಿ ಪರಿಚಯದವರು ಕಂಡಾರು ಎಂಬ ಹೆದರಿಕೆ ಇದ್ದರೆ ಎರಡು ಬಡಾವಣೆ ದಾಟಿ ಹೋಗಿ, ತಪ್ಪಿಲ್ಲ. ಆದರೆ ಯೋಚಿಸಿ, ನಿಮ್ಮನ್ನು ಮೋರಿ ಪಕ್ಕ ಬಿದ್ದಿದ್ದಾಗ ನೋಡದ ಪರಿಚಯದವರು ಯಾರಾದರೂ ಉಳಿದಿದ್ದಾರಾ?

ಮೊದಲ ಸಂಜೆ

ಹೊಟ್ಟೆ ತುಂಬ ತಿಂದು ಹೋಗಿ. ಹಸಿವು ಮತ್ತು ಕುಡಿಯುವ ಚಪಲ ಒಂದೇ ದನಿಯಲ್ಲಿ ಮಾತಾಡುತ್ತವೆ. ಹತ್ತು ನಿಮಿಷ ಮೊದಲೇ ಹೋದರೆ ಬಾಗಿಲಲ್ಲಿ ಕುರ್ಚಿ ಜೋಡಿಸುತ್ತಿರುವವರು ಸಿಗುತ್ತಾರೆ. "ಮೊದಲ ಸಲ ಬಂದಿದ್ದೀನಿ" ಎಂದರೆ ಸಾಕು. ಬರುವ ಮುಂಚೆ ಕುಡಿದಿದ್ದರೂ ವಾಪಸು ಹೋಗಬೇಡಿ. ಹಿಂದೆ ಕೂತು ಸುಮ್ಮನೆ ಕೇಳಿ, ಮಾತು ಇನ್ನೊಂದು ದಿನ. ಕುಡಿದು ಬಂದಿರುವಾಗ ಗಾಡಿ ಮಾತ್ರ ಓಡಿಸಬೇಡಿ.

ನಾನು ಹೋದದ್ದು ಒಂದು ಶಾಲೆಯ ನಾಲ್ಕನೇ ತರಗತಿಯ ಕೋಣೆ. ಬೆಂಚು ಮಕ್ಕಳ ಅಳತೆಯದು, ಮೊಣಕಾಲು ಎದೆಗೆ ತಾಗುತ್ತಿತ್ತು. ಗೋಡೆಯ ಮೇಲೆ ಮಗ್ಗಿ, ಹೂವಿನ ಭಾಗಗಳ ಚಾರ್ಟು. ಅಲ್ಲಿ ಒಬ್ಬ ರಿಟೈರ್ಡ್ ಹೆಡ್‌ಮಾಸ್ಟರು, ಒಬ್ಬ ಆಟೋದವನು, ಒಬ್ಬ ಸಾಫ್ಟ್‌ವೇರ್ ಹುಡುಗ, ಹೂ ಮಾರುವ ಒಬ್ಬ ಅಮ್ಮ. ಕುಡುಕರ ಸಭೆ ಎಂದು ಮನಸ್ಸಿನಲ್ಲಿ ಏನು ಚಿತ್ರ ಇಟ್ಟುಕೊಂಡು ಹೋಗಿದ್ದೆನೋ ಅದಕ್ಕೂ ಇವರಿಗೂ ಸಂಬಂಧವಿರಲಿಲ್ಲ.

ಸಭೆ ಒಂದರಿಂದ ಒಂದೂವರೆ ಗಂಟೆ. ನಡೆಸುವವರನ್ನು ಚೇರ್ ಮಾಡುವವರು ಅನ್ನುತ್ತಾರೆ. ಅವರು ಗುರುವಲ್ಲ, ಡಾಕ್ಟರಲ್ಲ, ಈ ವಾರದ ಸರದಿಯವರು ಅಷ್ಟೇ. ಮೊದಲಿಗೆ ಒಂದು ನಿಮಿಷ ಮೌನ, ಆಮೇಲೆ ಎಎ ಅಂದರೇನು ಎಂಬ ಒಂದು ಪುಟದ ಓದು, ಕುಡಿತ ಬಿಟ್ಟು ಬಾಳಲು ಎಎ ಹೇಳುವ ಹನ್ನೆರಡು ಹೆಜ್ಜೆಗಳ ಓದು. ನಂತರ ಶೇರಿಂಗ್. ಒಬ್ಬೊಬ್ಬರಾಗಿ ಹೆಸರು ಹೇಳಿ, "ನಾನೊಬ್ಬ ಆಲ್ಕೋಹಾಲಿಕ್" ಎಂದು ಶುರು ಮಾಡಿ, ಹೇಗಿದ್ದೆ, ಏನಾಯಿತು, ಈಗ ಹೇಗಿದ್ದೇನೆ ಎಂದು ಹೇಳುತ್ತಾರೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವುದಿಲ್ಲ. "ನೀನು ಹೀಗೆ ಮಾಡಬೇಕಿತ್ತು" ಎನ್ನುವುದಿಲ್ಲ. ಹತ್ತು ಜನ ಸೇರಿದರೆ ಹನ್ನೊಂದು ಬುದ್ಧಿವಾದ ಹುಟ್ಟುವ ನಮ್ಮ ಊರುಗಳಲ್ಲಿ ಇದೊಂದು ಸೋಜಿಗ. ಬುದ್ಧಿವಾದ ಮನೆಯಲ್ಲಿ, ಆಫೀಸಿನಲ್ಲಿ, ಮದುವೆ ಮನೆಯಲ್ಲಿ ಬೇಕಾದಷ್ಟು ಸಿಕ್ಕಿತ್ತು. ನನ್ನಂತೆಯೇ ಹೆಂಡತಿಯ ಓಲೆ ಅಡವಿಟ್ಟ ಇನ್ನೊಬ್ಬ ಅದನ್ನು ಎಲ್ಲರೆದುರು ದನಿ ನಡುಗದೆ ಹೇಳಿದ್ದನ್ನು ಮಾತ್ರ ಅದಕ್ಕಿಂತ ಮೊದಲು ಎಲ್ಲೂ ಕೇಳಿರಲಿಲ್ಲ.

ನಡುವೆ ಒಂದು ಚೀಲವೋ ಡಬ್ಬಿಯೋ ಸುತ್ತು ಬರುತ್ತದೆ. ಬಾಡಿಗೆಗೆ, ಚಹಾಕ್ಕೆ ಆಗುವಷ್ಟು ಹಣ ಸದಸ್ಯರೇ ಹಾಕುತ್ತಾರೆ, ಹೊರಗಿನವರಿಂದ ದೇಣಿಗೆ ತೆಗೆದುಕೊಳ್ಳುವುದಿಲ್ಲ. ಮೊದಲ ದಿನ ನೀವು ಹಾಕಬೇಕಿಲ್ಲ. ಕೊನೆಗೆ, ಬದಲಿಸಲಾಗದ್ದನ್ನು ಒಪ್ಪುವ ಶಾಂತಿ, ಬದಲಿಸಬಲ್ಲದ್ದನ್ನು ಬದಲಿಸುವ ಧೈರ್ಯ, ಎರಡರ ವ್ಯತ್ಯಾಸ ತಿಳಿಯುವ ವಿವೇಕ ಕೊಡು ಎಂಬ ಪ್ರಾರ್ಥನೆ. ಆಮೇಲೆ ಚಹಾ. ಸಕ್ಕರೆ ಜಾಸ್ತಿ ಇರುತ್ತದೆ, ಕುಡಿತ ಬಿಟ್ಟವರ ನಾಲಿಗೆ ಸಿಹಿ ಕೇಳುತ್ತದೆ.

ನಿಮ್ಮ ಸರದಿ ಬಂದಾಗ ಏನು ಹೇಳಬೇಕು? ಏನೂ ಹೇಳದೆಯೂ ಇರಬಹುದು. "ಇವತ್ತು ಕೇಳೋಕೆ ಬಂದಿದ್ದೀನಿ" ಎಂದರೆ ಎಲ್ಲರೂ ತಲೆಯಾಡಿಸಿ ಮುಂದಿನವರ ಕಡೆ ತಿರುಗುತ್ತಾರೆ. ಪೂರ್ತಿ ಹೆಸರು, ಊರು, ಜಾತಿ, ಕೆಲಸ ಹೇಳುವ ಅಗತ್ಯವಿಲ್ಲ. ಕೇಸಿನ ವಿಚಾರ, ಆಸ್ತಿ ಜಗಳ, ಇನ್ನೊಬ್ಬರ ಗುಟ್ಟು, ಇವನ್ನು ಮೊದಲ ದಿನಗಳಲ್ಲಿ ಗುಂಪಿನ ಮುಂದೆ ಇಡಬೇಡಿ. ಇಲ್ಲಿ ಕೇಳಿದ್ದು ಇಲ್ಲೇ ಇರಬೇಕು ಎಂಬುದು ನಿಯಮ, ಬಹುಪಾಲು ಪಾಲನೆಯೂ ಆಗುತ್ತದೆ. ಆದರೂ ಮನುಷ್ಯರ ಗುಂಪು ತಾನೆ.

ಚರ್ಚಿನಲ್ಲಿ ಏಕೆ? ದೇವರು ಬೇಕೇ ಬೇಕಾ?

ಜಾಗ ಕಡಿಮೆ ಬಾಡಿಗೆಗೆ ಸಿಗುತ್ತದೆಂದು ಬಹಳ ಸಭೆಗಳು ಚರ್ಚಿನ ಹಾಲುಗಳಲ್ಲಿ ನಡೆಯುತ್ತವೆ. ಇದನ್ನೇ ನೋಡಿ ಮತಾಂತರ ಮಾಡಿಸುತ್ತಾರೆ ಎಂದು ಹೆದರಿ ಗೇಟಿನಿಂದ ವಾಪಸಾದವರನ್ನು ಕಂಡಿದ್ದೇನೆ. ಎಎ ಹುಟ್ಟಿದ್ದು ಕ್ರೈಸ್ತ ಗುಂಪೊಂದರ ಒಡನಾಟದಲ್ಲಿ, ಅದು ನಿಜ. ಆದರೆ ಅದು ಯಾವ ಧರ್ಮಕ್ಕೂ ಪಕ್ಷಕ್ಕೂ ಸೇರಿದ್ದಲ್ಲ. ಹೆಜ್ಜೆಗಳಲ್ಲಿ ಬರುವ 'ನಮಗಿಂತ ದೊಡ್ಡ ಶಕ್ತಿ'ಯನ್ನು ಒಬ್ಬರು ಮಂಜುನಾಥ ಎನ್ನುತ್ತಾರೆ, ಒಬ್ಬರು ಅಲ್ಲಾ ಎನ್ನುತ್ತಾರೆ, ನಮ್ಮ ಹೆಡ್‌ಮಾಸ್ಟರು "ಈ ಕೋಣೆಯೇ ಸಾಕು" ಎನ್ನುತ್ತಾರೆ. ಅವರು ದೇವರನ್ನು ನಂಬದವರು, ಸೋಬರ್ ಆಗಿ ನಮ್ಮೆಲ್ಲರಿಗಿಂತ ಹೆಚ್ಚು ವರ್ಷವಾಗಿದೆ.

ಇದರಿಂದ ನಿಜವಾಗಿ ಉಪಯೋಗವಿದೆಯಾ ಎಂಬ ಅನುಮಾನ ಓದಿದವರಿಗೆ ಸಹಜ. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಸಂಸ್ಥೆಯ ಪರಾಮರ್ಶೆಯೊಂದು 27 ಅಧ್ಯಯನಗಳನ್ನು, 10,565 ಜನರ ವಿವರಗಳನ್ನು ಒಟ್ಟಿಗಿಟ್ಟು ನೋಡಿತು. ವ್ಯವಸ್ಥಿತವಾಗಿ ಎಎಗೆ ಜೋಡಿಸುವ ಚಿಕಿತ್ಸೆ ಪಡೆದವರಲ್ಲಿ ಪೂರ್ತಿ ಕುಡಿತ ಬಿಟ್ಟು ಉಳಿದವರು, ಬೇರೆ ಮಾನ್ಯ ಚಿಕಿತ್ಸೆ ಪಡೆದವರಿಗಿಂತ ಹೆಚ್ಚು ಎಂಬುದು ಅದರ ತೀರ್ಮಾನ. ಎಲ್ಲರಿಗೂ ಒಗ್ಗುತ್ತದೆ ಎಂದು ಅದರ ಅರ್ಥವಲ್ಲ. ನಾಲ್ಕಾರು ಗ್ರೂಪ್ ನೋಡಿಯೂ ಒಗ್ಗದಿದ್ದರೆ ಡಾಕ್ಟರ ಹತ್ತಿರ ಬೇರೆ ದಾರಿ ಕೇಳಿ. ಔಷಧವೂ ಸಭೆಯೂ ಒಟ್ಟಿಗೆ ನಡೆಯಬಹುದು. ಯಾರಾದರೂ ಹಳೆಯ ಸದಸ್ಯರು "ಮಾತ್ರೆ ಎಲ್ಲ ಬಿಟ್ಟುಬಿಡು, ಮೀಟಿಂಗ್ ಸಾಕು" ಎಂದರೆ ಕೇಳಬೇಡಿ. ಸದಸ್ಯರು ಡಾಕ್ಟರ ವೇಷ ಹಾಕಬಾರದೆಂದು ಎಎ ಪುಸ್ತಿಕೆಗಳೇ ಹೇಳುತ್ತವೆ.

ಎರಡನೇ ಸಭೆ

ಮೊದಲ ದಿನ ಹೊರಗೆ ಬರುವಾಗ ಎದೆ ಹಗುರವಾಗಿರುತ್ತದೆ. ಎರಡು ದಿನ ಕಳೆದ ಮೇಲೆ ಒಳಗಿನಿಂದ ಒಂದು ಮಾತು ಏಳುತ್ತದೆ: ನಾನು ಅವರಷ್ಟು ಕೆಟ್ಟಿಲ್ಲ. ಅವನು ಮನೆ ಮಾರಿದ, ನಾನು ಬೈಕ್ ಮಾತ್ರ. ಹೀಗೆ ಲೆಕ್ಕ ಹಾಕಿಯೇ ನಾನು ಎರಡನೇ ಸಭೆಗೆ ಹೋಗಲು ಏಳು ತಿಂಗಳು ತೆಗೆದುಕೊಂಡೆ, ಆ ಏಳು ತಿಂಗಳಲ್ಲಿ ಕೆಲಸವೂ ಹೋಯಿತು. ಆದ್ದರಿಂದ ಮೊದಲ ದಿನವೇ ಇಬ್ಬರ ಫೋನ್ ನಂಬರು ತೆಗೆದುಕೊಳ್ಳಿ. ಗಂಡಸರು ಗಂಡಸರದು, ಹೆಂಗಸರು ಹೆಂಗಸರದು ತೆಗೆದುಕೊಳ್ಳುವುದು ವಾಡಿಕೆ, ಒಳ್ಳೆಯ ವಾಡಿಕೆ. ಕುಡಿಯಬೇಕೆನಿಸಿದಾಗ, ಕುಡಿಯುವ ಮೊದಲು ಕರೆ ಮಾಡಿ. ಕುಡಿದ ಮೇಲೆ ಮಾಡಿದರೂ ಎತ್ತುತ್ತಾರೆ, ಆದರೆ ಆಗ ಮಾತಾಡುವುದು ನೀವಲ್ಲ, ಒಳಗೆ ಹೋದ ಕ್ವಾರ್ಟರ್.

90 ದಿನದಲ್ಲಿ 90 ಸಭೆ ಎಂಬ ಹಳೆಯ ಸಲಹೆಯೊಂದಿದೆ. ಬೆಂಗಳೂರಿನಲ್ಲಿ ಸಾಧ್ಯ. ವಾರಕ್ಕೊಂದೇ ಸಭೆ ಇರುವ ಊರಿನವರು ಉಳಿದ ಸಂಜೆಗಳಿಗೆ ಆನ್‌ಲೈನ್ ಸಭೆ ಸೇರಿಸಿಕೊಳ್ಳಿ. ದುಬೈನಲ್ಲೋ ಮಸ್ಕತ್‌ನಲ್ಲೋ ರೂಮ್ ಹಂಚಿಕೊಂಡು ಇರುವ ನಮ್ಮವರಿಗೂ ಝೂಮ್ ಸಭೆಗಳೇ ಆಸರೆ. ಕ್ಯಾಮೆರಾ ಆಫ್ ಮಾಡಿ, ಹೆಸರಿನ ಜಾಗದಲ್ಲಿ ಒಂದಕ್ಷರ ಹಾಕಿ, ಹೆಡ್‌ಫೋನ್ ಹಾಕಿಕೊಂಡು ಕೂರಿ.

ಕೆಲವು ವಾರ ಕಳೆದ ಮೇಲೆ ಒಬ್ಬ ಸ್ಪಾನ್ಸರ್ ಬೇಕು, ನಿಮಗಿಂತ ಮೊದಲು ಕುಡಿತ ಬಿಟ್ಟು ಹೆಜ್ಜೆಗಳನ್ನು ದಾಟಿದವರು. ಚೆನ್ನಾಗಿ ಭಾಷಣ ಮಾಡುವವರನ್ನು ಆರಿಸಬೇಡಿ, ಫೋನ್ ಎತ್ತುವವರನ್ನು ಆರಿಸಿ. ದುಡ್ಡು ಸಾಲ ಕೇಳುವವರು, ತಮ್ಮ ಚೀಟಿಗೆ, ವ್ಯಾಪಾರಕ್ಕೆ ಸೇರಿಸಿಕೊಳ್ಳಲು ನೋಡುವವರು ಎಲ್ಲ ಕಡೆಯಂತೆ ಇಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರಿಂದ ದೂರವಿರಿ, ಗ್ರೂಪಿನಿಂದ ಅಲ್ಲ.

ಜಾರಿದರೆ? ಹೊಸತೊಡಕು, ಊರ ಮಾರಿಹಬ್ಬ, ಎಲೆಕ್ಷನ್ನು, ಭಾವಮೈದುನನ ಮದುವೆ, ಇವು ನಮ್ಮವರು ಜಾರುವ ಹೊಂಡಗಳು. ಕೊಡಗಿನಂಥ ಕಡೆ ಬಂದವರಿಗೆ ಗ್ಲಾಸ್ ಕೊಡುವುದೇ ಮರ್ಯಾದೆ. ಮೊದಲೇ ಗೊತ್ತಿರುವ ದಿನಗಳಿಗೆ ಮೊದಲೇ ಫೋನ್ ಮಾಡಿ ಇಡಿ, ಊಟವಾದ ಕೂಡಲೇ ಹೊರಡುವ ಬಸ್ ನೋಡಿ ಇಡಿ. ಆದರೂ ಜಾರಿದರೆ ಅದೇ ವಾರದ ಸಭೆಗೆ ಹೋಗಿ ಕೂರಿ. ದಿನದ ಎಣಿಕೆ ಒಂದರಿಂದ ಶುರುವಾಗುತ್ತದೆ. ಕಲಿತದ್ದು ಸೊನ್ನೆಯಾಗುವುದಿಲ್ಲ.

ಹೆಂಗಸರಿಗೆ

ಕುಡಿಯುವ ಗಂಡಸಿಗೆ ಅಯ್ಯೋ ಪಾಪ ಅನ್ನುವ ಬಾಯಿ ಹೆಂಗಸಿಗೆ ಬೇರೆ ಮಾತು ಆಡುತ್ತದೆ. ಹಾಗಾಗಿ ಬಾಗಿಲ ತನಕ ಬರುವವರೇ ಕಡಿಮೆ. ಕರೆ ಮಾಡುವಾಗಲೇ "ಮಹಿಳಾ ಸದಸ್ಯರ ಹತ್ತಿರ ಮಾತಾಡಬೇಕು" ಎಂದು ಕೇಳಿ, ನಂಬರು ಕೊಡುತ್ತಾರೆ. ಸಾಧ್ಯವಾದರೆ ಮೊದಲ ಸಲ ಅವರ ಜೊತೆಯಲ್ಲೇ ಹೋಗಿ. ಹೆಂಗಸರಿಗಷ್ಟೇ ನಡೆಯುವ ಸಭೆಗಳು ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತವೆ. ಸಭೆಯ ನಂತರ ಯಾರಾದರೂ ಅತಿಯಾಗಿ ಕಾಳಜಿ ತೋರಿಸಿ ಮನೆ ತನಕ ಬಿಡುತ್ತೇನೆಂದರೆ ಬೇಡ ಅನ್ನಿ. ಮತ್ತೆ ಮತ್ತೆ ಆದರೆ ಚೇರ್ ಮಾಡುವವರಿಗೆ ನೇರವಾಗಿ ಹೇಳಿ.

ಮನೆಯವರಿಗೆ

ಅಮ್ಮಂದಿರೇ, ಅಕ್ಕಂದಿರೇ, ಒಂದು ಮಾತು ಕೈ ಮುಗಿದು ಹೇಳುತ್ತೇನೆ. ಕುಡಿತ ಬಿಡಿಸುವ ಪುಡಿ, ಮಾತ್ರೆ ಎಂದು ಯಾರೋ ಕೊಟ್ಟದ್ದನ್ನು ಸಾರಿನಲ್ಲಿ, ಕಾಫಿಯಲ್ಲಿ ಗೊತ್ತಾಗದ ಹಾಗೆ ಬೆರೆಸಬೇಡಿ. ಡೈಸಲ್ಫಿರಾಮ್ ಎಂಬ ಮಾತ್ರೆ ಇದೆ, ಅದು ಮೈಯಲ್ಲಿದ್ದಾಗ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯದ ತೊಂದರೆ ಇರುವವರಿಗೆ ಪ್ರಾಣಕ್ಕೇ ಕುತ್ತು. ತೆಗೆದುಕೊಳ್ಳುವವರಿಗೆ ಗೊತ್ತಿದ್ದು, ಅವರು ಒಪ್ಪಿ, ಡಾಕ್ಟರು ನೋಡಿ ಕೊಡಬೇಕಾದ ಔಷಧ ಅದು.

ಅವರು ಸಭೆಗೆ ಹೋಗಲು ಒಪ್ಪದಿದ್ದರೂ ನೀವು ಅಲ್-ಅನಾನ್‌ಗೆ ಹೋಗಬಹುದು. ಹೋಗಿ ಬಂದ ದಿನ ಅವರು ಕೇಳಿದರೆ ನಿಜ ಹೇಳಿ: "ನನಗೋಸ್ಕರ ಹೋಗಿದ್ದೆ." ನನ್ನ ಹೆಂಡತಿ ಹಾಗೆ ಹೇಳಿ ಒಳಗೆ ಅಡುಗೆಗೆ ಹೋದಳು. ಅವಳ ಯಾವ ಬೈಗುಳವೂ ಅಷ್ಟು ನಾಟಿರಲಿಲ್ಲ.

ಊರಲ್ಲಿ ಸಭೆಯೇ ಇಲ್ಲದಿದ್ದರೆ

ಕುಡಿತ ಬಿಡಲೆಂದು ಇಬ್ಬರು ಮೂವರು ಸೇರಿದರೂ ಅದನ್ನು ಗ್ರೂಪ್ ಎನ್ನಬಹುದೆಂದು ಎಎ ಸಂಪ್ರದಾಯದಲ್ಲೇ ಇದೆ. ಎರಡನೆಯವರು ಎಲ್ಲಿ ಸಿಗುತ್ತಾರೆ? ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೋ ಅಲ್ಲಿನ ಸಮಾಜ ಕಾರ್ಯಕರ್ತರಿಗೋ ನಿಮ್ಮ ನಂಬರು ಕೊಟ್ಟು, "ನಮ್ಮ ಕಡೆಯವರು ಯಾರಾದರೂ ಬಂದರೆ ಅವರ ಒಪ್ಪಿಗೆ ಕೇಳಿ ಕೊಡಿ" ಎನ್ನಿ. ಮದ್ಯವರ್ಜನ ಶಿಬಿರದಲ್ಲಿ ನಿಮ್ಮ ಜೊತೆಗಿದ್ದವರನ್ನು ಹುಡುಕಿ. ಹತ್ತಿರದ ದೊಡ್ಡ ಊರಿನ ಎಎ ಗ್ರೂಪಿಗೆ ತಿಳಿಸಿದರೆ ಮೊದಲ ಕೆಲವು ವಾರ ಅವರೇ ಬಂದು ನಡೆಸಿಕೊಡುತ್ತಾರೆ, ಕನ್ನಡದ ಪುಸ್ತಿಕೆಗಳಿದ್ದರೆ ತರುತ್ತಾರೆ.

ಜಾಗಕ್ಕೆ ಶಾಲೆಯ ಮುಖ್ಯೋಪಾಧ್ಯಾಯರನ್ನು, ಸಮುದಾಯ ಭವನದವರನ್ನು ಕೇಳಿ. ಯಾರದೋ ಮನೆಯ ಜಗಲಿ ಬೇಡ, ಮನೆಯವರಿಗೂ ಕಷ್ಟ, ಬರುವವರಿಗೂ ಮುಜುಗರ. ಬಾಡಿಗೆ ಸಣ್ಣದಾದರೂ ಕೊಡಿ, ಪುಕ್ಕಟೆ ಸಿಕ್ಕ ಕೋಣೆ ಗ್ರಾಮಸಭೆ ಬಂದರೆ ಮೊದಲು ಕೈತಪ್ಪುತ್ತದೆ. ವಾರ, ಹೊತ್ತು ಒಮ್ಮೆ ಗೊತ್ತು ಮಾಡಿದರೆ ಮಳೆ ಬರಲಿ, ಕ್ರಿಕೆಟ್ ಫೈನಲ್ ಬರಲಿ ಬದಲಿಸಬೇಡಿ. ಯಾರೋ ಒಬ್ಬರು ತಿಂಗಳುಗಟ್ಟಲೆ ಯೋಚಿಸಿ ಆ ದಿನವೇ ಬಂದು ಬೀಗ ನೋಡಿ ಹೋದರೆ ಮತ್ತೆ ಬರುವುದು ಕಷ್ಟ. ಮೊದಮೊದಲು ಯಾರೂ ಬರುವುದಿಲ್ಲ. ಆಗಲೂ ಏಳಕ್ಕೆ ಬಾಗಿಲು ತೆಗೆದು, ಲೈಟ್ ಹಾಕಿ, ಹೊರಗಿನಿಂದ ಕಾಣುವ ಹಾಗೆ ಎರಡು ಕುರ್ಚಿ ಎದುರುಬದುರು ಇಟ್ಟು, ಎಂಟರ ತನಕ ಕೂತಿರಿ.